ಕಾಲಿನ ಕೆರ, ಜಿಂಕೆಯ ಮೂಗು

ಹಾರನಹಳ್ಳಿ ಕಡೆಯ ಹಳೇ ತಲೆಮಾರಿನವರು ಶಿಕಾರಿಯ ಮಾತು ತೆಗೆದರೆ ಒಂದು ಸಂಗತಿಯನ್ನು ತಪ್ಪದೆ ಹೇಳುತ್ತಿದ್ದರು. ಮರಸು ಕೂರಲು ಹೋಗುವವನು ಕೆರವನ್ನು ಕಾಡಂಚಿನಲ್ಲೇ ಬಿಚ್ಚಿಡಬೇಕು. ಯಾಕೆ ಎಂದು ಕೇಳಿದರೆ ಎರಡು ಉತ್ತರ ಬರುತ್ತಿತ್ತು. ನಮ್ಮ ತಾತ 'ಕೆರ ಕಿರುಗುಟ್ಟುತ್ತೆ, ಜಿಂಕೆ ಕಿವಿ ನಿಮಿರಿಸುತ್ತೆ' ಅನ್ನುತ್ತಿದ್ದರು. ಅವರ ಜೊತೆಗಾರರು ಒಪ್ಪುತ್ತಿರಲಿಲ್ಲ. 'ಸದ್ದಲ್ಲ ಕಣಯ್ಯಾ, ಚರ್ಮದ ಗಮಲು. ನೀನು ಎದ್ದು ಬಂದು ಎರಡು ಗಳಿಗೆ ಆದ್ಮೇಲೂ ಆ ಜಾಡಿಗೆ ಮೂಗಿಟ್ಟು ವಾಪಸ್ ತಿರುಗುತ್ತೆ' ಎಂಬುದು ಅವರ ವಾದ. ಜಗಲಿಯ ಮೇಲೆ ನಡೆಯುತ್ತಿದ್ದ ಆ ಜಗಳ ಇಬ್ಬರೂ ಹೋಗುವ ತನಕ ಮುಗಿಯಲಿಲ್ಲ. ಮನುಷ್ಯನ ವಾಸನೆಯನ್ನು ಕಾಲಿನ ಮೆಟ್ಟು ತಡೆಯಬಲ್ಲದೆ, ಇಲ್ಲವೆ? ಈ ಪ್ರಶ್ನೆಯ ಹಿಂದೆ ನಾನು ಹಲವು ವರ್ಷ ಓದುತ್ತ, ಕೇಳುತ್ತ, ಒಂದಿಷ್ಟು ನಡೆಯುತ್ತ ಬಂದಿದ್ದೇನೆ. ಸಿಕ್ಕಿದ್ದನ್ನೆಲ್ಲ ಒಂದು ಕಡೆ ಇಡುವ ಪ್ರಯತ್ನ ಇದು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟ ಮಾಡಿಬಿಡಬೇಕು. ಜಿಂಕೆ ಬೇಟೆ ಇಂದು ನಮ್ಮಲ್ಲಿ ಅಪರಾಧ. ಮೈಸೂರು ಸಂಸ್ಥಾನದ ಕಾಲದಲ್ಲೇ ಬೇಟೆಗೆ ಕಟ್ಟುಪಾಡುಗಳಿದ್ದವು, ಅರಸರಿಗೆ ಮೀಸಲಾದ ಕಾಡುಗಳಿದ್ದವು. 1955ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಬಾಗಿಲು ಮುಚ್ಚಿತು. ಹುಲಿ ಸಂರಕ್ಷಿತ ಪ್ರದೇಶದ ನಡುಗಾಡಿನಲ್ಲಿ ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ. ಹಾಗಿದ್ದೂ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಉರುಳು ಒಡ್ಡುವವರು ಇಲ್ಲವಾಗಿಲ್ಲ. ಜಿಂಕೆಗೆಂದು ಕಟ್ಟಿದ ತಂತಿಗೆ ಹುಲಿ, ಚಿರತೆ ಸಿಕ್ಕಿ ನರಳಿ ಸಾಯುತ್ತವೆ. ಆ ಕೆಲಸಕ್ಕೆ ನೆರವಾಗಲೆಂದು ಇದನ್ನು ಬರೆಯುತ್ತಿಲ್ಲ. ಇಂದು ಜಿಂಕೆಗೆ ಗೊತ್ತಾಗದ ಹಾಗೆ ಕಾಡಿನಲ್ಲಿ ನಡೆಯಬೇಕಾದವರು ಬೇರೆಯೇ ಜನ. ಬೀಟ್ ಕಾಯುವ ಗಾರ್ಡುಗಳು, ದಿನಗೂಲಿಯ ವಾಚರುಗಳು, ಪ್ರಾಣಿ ಎಣಿಸುವ ಸಂಶೋಧಕರು. ಅವರಲ್ಲಿ ಬಹಳ ಮಂದಿ ಜೇನುಕುರುಬರು, ಬೆಟ್ಟಕುರುಬರು. ಕಾಲಿಗೆ ಏನು ಮೆಟ್ಟಬೇಕು ಎಂಬ ಪ್ರಶ್ನೆ ಈಗ ಅವರದು.

ಎದುರಾಳಿಯ ಬಲ ತಿಳಿಯದೆ ಮಾತಾಡಿ ಫಲವಿಲ್ಲ. ನಾಗರಹೊಳೆಯಲ್ಲಿ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಇವೆ. ಕಣ್ಣಿಗೆ ಅಪರೂಪಕ್ಕೆ ಬೀಳುವ ಬರ್ಕವೂ ಇದೆ. ಇವುಗಳ ಬದುಕು ಮೂಗಿನ ಮೇಲೆ ನಿಂತಿದೆ. ಗಂಡು ಜಿಂಕೆ ಹೆಣ್ಣಿನ ಮೂತ್ರ ಮೂಸಿ, ಮೇಲ್ದುಟಿ ಸುರುಳಿ ಮಾಡಿ ತಲೆ ಎತ್ತಿ ನಿಲ್ಲುವುದನ್ನು ಸಫಾರಿಗೆ ಹೋದವರು ನೋಡಿರಬಹುದು. ಆ ವಾಸನೆಯನ್ನು ಅದು ಬಾಯಿಯ ಅಂಗುಳಿನ ಮೇಲಿರುವ ಇನ್ನೊಂದು ಘ್ರಾಣಾಂಗಕ್ಕೆ ಮುಟ್ಟಿಸುತ್ತಿರುತ್ತದೆ. ಅಂದರೆ ಮೂಗಿನ ಜೊತೆಗೆ ಇನ್ನೊಂದು ಮೂಗು. ಕಣ್ಣಿನ ಮೂಲೆಯಲ್ಲಿ ಅದಕ್ಕೊಂದು ಗ್ರಂಥಿ ಇದೆ. ಹಿಂಗಾಲಿನ ಪಾದಗಳಲ್ಲೂ ಗ್ರಂಥಿಗಳಿವೆ. ನಾವು ನಮ್ಮ ಕಾಲಿನ ವಾಸನೆ ಮುಚ್ಚುವ ಯೋಚನೆಯಲ್ಲಿದ್ದರೆ ಜಿಂಕೆ ತನ್ನ ಕಾಲಿನ ವಾಸನೆಯನ್ನು ಬೇಕೆಂದೇ ನೆಲಕ್ಕೆ ಒತ್ತುತ್ತ ಹೋಗುತ್ತದೆ. ಹೆಜ್ಜೆಯನ್ನು ಮೂಸಿ ಓದುವುದು ಅದರ ಮನೆಮಾತು. ಅಂಥ ಪ್ರಾಣಿಯ ದಾರಿಗೆ ಅಡ್ಡಲಾಗಿ ನಾವು ಹೆಜ್ಜೆ ಇಟ್ಟು ಹೋಗಿರುತ್ತೇವೆ.

ಇನ್ನು ನಮ್ಮ ಕಾಲು. ಎರಡು ಪಾದಗಳಲ್ಲಿ ಸುಮಾರು 2.5 ಲಕ್ಷ ಬೆವರಿನ ಗ್ರಂಥಿಗಳಿವೆ ಎಂದು ವೈದ್ಯರು ಲೆಕ್ಕ ಹೇಳುತ್ತಾರೆ. ಬೆವರಿಗೆ ಸ್ವಂತದ ವಾಸನೆ ಕಡಿಮೆ. ಚರ್ಮದ ಮೇಲೆ ಸದಾ ಇರುವ ಸೂಕ್ಷ್ಮಾಣುಗಳು ಆ ಬೆವರಿನಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಒಡೆದು ಐಸೊವಲೆರಿಕ್ ಆಮ್ಲ ಮಾಡುತ್ತವೆ. ಕಾಲುಚೀಲ ಬಿಚ್ಚಿದಾಗ ಬರುವ ಕಮಟು ಅದೇ. ಮುಚ್ಚಿದ, ಒದ್ದೆಯಾದ, ಬೆಚ್ಚಗಿನ ಜಾಗ ಈ ಸೂಕ್ಷ್ಮಾಣುಗಳಿಗೆ ಹೊಲವಿದ್ದಂತೆ. ಹಾಗಾಗಿ ಕಾಲಿಗೆ ಏನನ್ನೋ ಮೆಟ್ಟಿದರೆ ವಾಸನೆ ಮುಚ್ಚಿಹೋಗುತ್ತದೆ ಎನ್ನುವುದು ಅರ್ಧ ನಿಜ ಅಷ್ಟೆ. ಅದೇ ಬೂಟು ಒಳಗೊಳಗೇ ವಾಸನೆಯನ್ನು ಬೆಳೆಸುತ್ತಲೂ ಇರುತ್ತದೆ.

ಇದನ್ನು ಕೆರದ ಮಟ್ಟಕ್ಕಿಳಿಸಿ, ಒಂದೊಂದಾಗಿ ಬದಲಿಸಿ ನೋಡಿದವರು ಜಾರ್ಜ್ ರೊಮೇನ್ಸ್. ಡಾರ್ವಿನ್ನರ ಕಿರಿಯ ಒಡನಾಡಿ. 1887ರಲ್ಲಿ ಅವರು ತಮ್ಮ ಬೇಟೆ ನಾಯಿಯನ್ನು ಇಟ್ಟುಕೊಂಡು ಮಾಡಿದ ಪರೀಕ್ಷೆಗಳ ವರದಿ ಪ್ರಕಟಿಸಿದರು. ನಾನು ಈ ವಿಷಯದಲ್ಲಿ ಓದಿದ್ದರಲ್ಲೆಲ್ಲ ಮನಸ್ಸಿಗೆ ಹತ್ತಿದ್ದು ಇದೇ. ಮೊದಲು ಹನ್ನೆರಡು ಜನ ಒಬ್ಬರ ಹಿಂದೊಬ್ಬರು, ಮುಂದಿನವನ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತ ನಡೆದರು. ಎಲ್ಲರಿಗಿಂತ ಮುಂದೆ ರೊಮೇನ್ಸ್. ಒಂದಷ್ಟು ದೂರ ಹೋದ ಮೇಲೆ ಸಾಲು ಎರಡಾಗಿ ಒಡೆಯಿತು. ಅಷ್ಟು ಜನ ತುಳಿದ ಮೇಲೂ ನಾಯಿ ತನ್ನ ಯಜಮಾನನ ಜಾಡನ್ನೇ ಹಿಡಿದು ಬಂತು. ಆಮೇಲೆ ಅವರು ತಮ್ಮ ಬೂಟನ್ನು ಅಪರಿಚಿತನಿಗೆ ಕೊಟ್ಟು ನಡೆಸಿದರು. ನಾಯಿ ಆ ಅಪರಿಚಿತನ ಹಿಂದೆ ಹೋಯಿತು! ಅಪರಿಚಿತನ ಬೂಟು ಹಾಕಿಕೊಂಡು ತಾವೇ ನಡೆದರು. ನಾಯಿ ಅತ್ತ ಮೂಗು ಹಾಕಲಿಲ್ಲ. ಹೊಚ್ಚ ಹೊಸ ಬೂಟಿನ ಜಾಡನ್ನೂ ಅದು ಹಿಡಿಯಲಿಲ್ಲ. ಕೊನೆಗೆ ಹಳೇ ಬೂಟಿನ ಅಟ್ಟೆಗೆ ಕಂದು ಕಾಗದ ಅಂಟಿಸಿ ನಡೆದರು. ಕಾಗದ ಗಟ್ಟಿಯಾಗಿ ಇರುವಷ್ಟು ದೂರ ಜಾಡು ನಾಯಿಗೆ ಸಿಗಲಿಲ್ಲ. ಹಿಮ್ಮಡಿಯ ಬಳಿ ಕಾಗದ ಸವೆದು ಒಂದು ಚೂರು ಚರ್ಮ ನೆಲಕ್ಕೆ ತಾಗಿದ ಕಡೆಯಿಂದ ನಾಯಿ ಜಾಡು ಹಿಡಿಯಿತು.

ಕಾಗದ ಸವೆದ ಆ ಚೂರು ಜಾಗವನ್ನು ನೆನೆಸಿಕೊಂಡಾಗಲೆಲ್ಲ ತಾತನ ಜೊತೆಗಾರರ ಮಾತು ನೆನಪಾಗುತ್ತದೆ. ನೆಲಕ್ಕೆ ಅಂಟುವ ವಾಸನೆಯ ಮಟ್ಟಿಗೆ ಅವರು ಹೇಳಿದ್ದು ಸರಿ. ಬರೀ ಚರ್ಮದ ವಾಸನೆಯಲ್ಲ, ಬರೀ ಮನುಷ್ಯನ ವಾಸನೆಯೂ ಅಲ್ಲ. ವರ್ಷಗಟ್ಟಲೆ ಒಬ್ಬನ ಬೆವರು ಕುಡಿದು ಹದವಾದ ಚರ್ಮದ ವಾಸನೆ ಅದು. ನಾಯಿಗಳ ಮೂಗು ಎಷ್ಟು ಚುರುಕು ಎಂಬುದನ್ನು ಈಚಿನ ಪರೀಕ್ಷೆಗಳೂ ತೋರಿಸಿವೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಯಿಗಳು ಬರೀ ಐದು ಹೆಜ್ಜೆ ಮೂಸಿ ನಡೆದವನು ಯಾವ ಕಡೆಗೆ ಹೋದನೆಂದು ಹೇಳಿಬಿಟ್ಟವು. ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವೆ ವಾಸನೆಯಲ್ಲಿ ಎಷ್ಟು ವ್ಯತ್ಯಾಸ ಇದ್ದೀತು, ಯೋಚಿಸಿ. ಬಂಡೀಪುರದಲ್ಲಿ ಅರಣ್ಯ ಇಲಾಖೆ ಸಾಕಿದ್ದ ರಾಣಾ ಎಂಬ ನಾಯಿ ಬೇಟೆಗಾರರ ಜಾಡು ಹಿಡಿದು ಹೆಸರಾಗಿದ್ದು ಇದೇ ಬಲದಿಂದ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲೇ ಕಾಳಿ ಎಂಬ ಬೇಟೆ ನಾಯಿಗೆ ಕಲ್ಲು ನೆಟ್ಟ ನಾಡು ನಮ್ಮದು. ನಾಯಿಯ ಮೂಗಿನ ಬೆಲೆ ನಮಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ.

ಆದರೆ ಜಿಂಕೆ ನಾಯಿಯಲ್ಲ. ಅದು ನಮ್ಮ ಜಾಡು ಹಿಡಿದು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಅದಕ್ಕೆ ಬೇಕಾದದ್ದು ಒಂದೇ ಸುದ್ದಿ, ಇಲ್ಲಿ ಅಪಾಯ ಇದೆಯೋ ಇಲ್ಲವೋ. ಆ ಸುದ್ದಿ ಎರಡು ದಾರಿಯಲ್ಲಿ ಬರುತ್ತದೆ. ನೆಲದ ಮೇಲೆ ಉಳಿದ ವಾಸನೆ ಒಂದು, ಗಾಳಿಯಲ್ಲಿ ತೇಲಿ ಬರುವ ವಾಸನೆ ಇನ್ನೊಂದು. ಕೆರದ ಮಾತೆಲ್ಲ ಮೊದಲನೆಯದಕ್ಕೆ ಸೇರಿದ್ದು. ಈ ಎರಡನ್ನೂ ಬೆರೆಸಿ ಮಾತಾಡುವುದರಿಂದಲೇ ನಮ್ಮ ಜಗಲಿಯಲ್ಲೂ, ಹೊರಗಿನ ಬೇಟೆಗಾರರ ನಡುವೆಯೂ ಜಗಳ ಹುಟ್ಟಿತು ಎಂದು ನನಗೆ ಅನ್ನಿಸುತ್ತದೆ.

ಈಗ ಒಂದೊಂದೇ ಮೆಟ್ಟನ್ನು ನೋಡೋಣ.

ಚರ್ಮದ್ದು ಮೊದಲು, ಯಾಕೆಂದರೆ ಅದು ಹುಣಸೂರಿನದೇ ಕಥೆ. 19ನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಬ್ರಿಟಿಷ್ ಸೈನ್ಯದ ಸರಬರಾಜು ಇಲಾಖೆಯ ದೊಡ್ಡ ಠಾಣ್ಯವಿತ್ತು. ಅಮೃತಮಹಲ್ ದನಗಳ ಕೇಂದ್ರ, ಕಂಬಳಿ ನೇಯುವ ಕೆಲಸ, ಮರದ ಡಿಪೊ, ಜೊತೆಗೆ ಚರ್ಮ ಹದ ಮಾಡುವ ಕಾರ್ಖಾನೆ. ಸಿಪಾಯಿಗಳ ಬೂಟು, ಬೆನ್ನುಚೀಲ, ತೋಟಾಚೀಲ ಇಲ್ಲಿಂದ ಹೋಗುತ್ತಿದ್ದವು. 1864ರಲ್ಲಿ ಸರ್ಕಾರ ಅದನ್ನು ಮುಚ್ಚಿತು. ಕಾಡಿನ ಬಾಗಿಲಲ್ಲೇ ಬೂಟು ಹೊಲಿಯುತ್ತಿದ್ದ ಊರು ಹುಣಸೂರು ಎಂಬುದನ್ನು ನಮ್ಮವರೇ ಮರೆತಿದ್ದಾರೆ. ಹಳೇ ಮೈಸೂರಿನಲ್ಲಿ ಚರ್ಮ ಹದಕ್ಕೆ ತಂಗಡಿಯ ತೊಗಟೆ ಹೆಸರಾಗಿತ್ತು. ತೊಗಟೆಯಲ್ಲಿ ಹದವಾದ ಚರ್ಮಕ್ಕೆ ಗಾಢವಾದ ಒಗರು ವಾಸನೆ ಇರುತ್ತದೆ. ಚರ್ಮದಲ್ಲಿ ಸಣ್ಣ ರಂಧ್ರಗಳಿರುವುದರಿಂದ ಕಾಲು ಉಸಿರಾಡುತ್ತದೆ, ಗುಳ್ಳೆ ಏಳುವುದಿಲ್ಲ. ಅದೇ ರಂಧ್ರಗಳು ಬೆವರನ್ನೂ ಹೀರಿಕೊಳ್ಳುತ್ತವೆ, ಮಳೆಯಲ್ಲಿ ನೆನೆದಾಗ ಹೊರಗೂ ಬಿಡುತ್ತವೆ. ಮೇಲೆ ಎಣ್ಣೆಯೋ ಪಾಲಿಶೋ ಹಚ್ಚಿದರೆ ಅದರದ್ದೊಂದು ವಾಸನೆ. ವಾಸನೆಯ ಲೆಕ್ಕದಲ್ಲಿ ಹಳೇ ಚರ್ಮದ ಬೂಟಿಗೆ ಕೊನೆಯ ಜಾಗ.

ರಬ್ಬರಿಗೆ ರಂಧ್ರವಿಲ್ಲ. ಅದಕ್ಕೇ ಅಮೆರಿಕದಲ್ಲಿ, ಕಾನೂನಿನ ಒಪ್ಪಿಗೆಯಿಂದ ಜಿಂಕೆ ಬೇಟೆಯಾಡುವ ಜನ ಮೊಣಕಾಲುದ್ದದ ರಬ್ಬರ್ ಬೂಟನ್ನೇ ನೆಚ್ಚುತ್ತಾರೆ. ಅಲ್ಲಿ 1912ರಲ್ಲಿ ಎಲ್.ಎಲ್. ಬೀನ್ ಎಂಬವರು ಅಡಿಗೆ ರಬ್ಬರ್, ಮೇಲೆ ಚರ್ಮ ಜೋಡಿಸಿದ ಬೇಟೆ ಬೂಟು ಮಾರಲು ಹೊರಟರು. ಮೊದಲ 100 ಜೊತೆಯಲ್ಲಿ 90 ಜೊತೆ ಹೊಲಿಗೆ ಬಿಟ್ಟು ವಾಪಸ್ಸು ಬಂದವು. ಎಲ್ಲರಿಗೂ ಹಣ ಹಿಂತಿರುಗಿಸಿ, ತಿದ್ದಿ ಮತ್ತೆ ಮಾಡಿದರು. ಅವರ ಚಿಂತೆ ಕಾಲು ಒದ್ದೆಯಾಗಬಾರದು ಎಂಬುದಾಗಿತ್ತು, ವಾಸನೆಯದಲ್ಲ. ರಬ್ಬರಿನಲ್ಲೂ ಒಂದು ಗುಟ್ಟಿದೆ. ಹೊಸ ಗಮ್ ಬೂಟಿಗೆ ಗಂಧಕ ಬೆರೆಸಿ ಬೇಯಿಸಿದ ವಾಸನೆ ಇರುತ್ತದೆ. ಬಿಸಿಲಿಗೂ ಗಾಳಿಗೂ ಒಡ್ಡಿ ಹಳತಾಗಿಸಬೇಕು. ಒಳಗೆ ಕಾಲು ಬೆವರಿ ಬೇಯುತ್ತದೆ, ಪ್ರತಿ ಹೆಜ್ಜೆಗೂ ಆ ಗಾಳಿ ತಿದಿಯೊತ್ತಿದ ಹಾಗೆ ಬೂಟಿನ ಬಾಯಿಂದ ಹೊರಗೆ ಬರುತ್ತದೆ. ನೆಲಕ್ಕೆ ಅಂಟುವುದು ಕಡಿಮೆ, ಗಾಳಿಗೆ ಸೇರುವುದು ಹಾಗೇ ಉಳಿಯಿತು.

ಕ್ಯಾನ್ವಾಸ್ ಶೂ ಹಗುರ, ಬೇಗ ಒಣಗುತ್ತದೆ, ಒಗೆಯಬಹುದು, ತರಗೆಲೆಯ ಮೇಲೆ ಸದ್ದು ಕಡಿಮೆ. ಮುಳ್ಳು ತಡೆಯದು. ಹವಾಯಿ ಚಪ್ಪಲಿಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಪಟಪಟ ಎನ್ನುವ ಅದರ ಸದ್ದು ವಾಸನೆಗಿಂತ ಮೊದಲೇ ಕಾಡಿಗೆ ಡಂಗುರ ಸಾರುತ್ತದೆ.

ಬರಿಗಾಲು ದೊಡ್ಡ ವಿಷಯ. ಆನೆ ಹಿಡಿಯುವ ಖೆಡ್ಡಾವನ್ನು ಮೈಸೂರಿಗೆ ತಂದ ಸ್ಯಾಂಡರ್ಸನ್ 1870ರ ದಶಕದಲ್ಲಿ ಬರೆದ ಪುಸ್ತಕದಲ್ಲಿ ಕುರುಬರ, ಸೋಲಿಗರ ಜಾಡು ಓದುವ ಜಾಣ್ಮೆಯನ್ನು ಮನಸಾರೆ ಹೊಗಳಿದ್ದಾರೆ. ಅವರೆಲ್ಲ ಬರಿಗಾಲಿನವರು. ಬರಿಗಾಲಿನ ಹೆಜ್ಜೆ ನೇರವಾಗಿ ಚರ್ಮದ ವಾಸನೆಯನ್ನು ನೆಲಕ್ಕೆ ಮುಟ್ಟಿಸುತ್ತದೆ, ನಿಜ. ಆದರೆ ಮುಚ್ಚಿಡದ ಕಾಲು ಗಾಳಿ, ಮಣ್ಣು, ಇಬ್ಬನಿಯಲ್ಲಿ ತೊಳೆಯುತ್ತಲೇ ಇರುತ್ತದೆ. ಕಮಟು ಕಟ್ಟಲು ಅವಕಾಶವೇ ಇರುವುದಿಲ್ಲ. ರೊಮೇನ್ಸರ ನಾಯಿ ಕೂಡ ಯಜಮಾನನ ಬರಿಗಾಲಿನ ಜಾಡನ್ನು ಬೂಟಿನ ಜಾಡಿನಷ್ಟು ಸಲೀಸಾಗಿ ಹಿಡಿಯಲಿಲ್ಲ, ತಡೆದು ತಡೆದು ಹೋಯಿತು. ಇನ್ನೂ ಮುಖ್ಯ, ಬರಿಗಾಲಿಗೆ ಒಣ ಕಡ್ಡಿ ಮುರಿಯುವ ಮೊದಲೇ ಗೊತ್ತಾಗುತ್ತದೆ. ತಾತ ಹೇಳಿದ್ದೂ ಇದನ್ನೇ.

ಮೆಟ್ಟಿನ ಆಚೆಗೆ ನೆಲದ ವಾಸನೆಗೆ ಇನ್ನೂ ಎರಡು ಬಾಬ್ತು ಇವೆ. ಯಾವ ಕೆರ ಮೆಟ್ಟಿದರೂ ತುಳಿದ ಹುಲ್ಲು ಜಜ್ಜಿ ಹಸಿ ವಾಸನೆ ಬಿಡುತ್ತದೆ, ಕೆದರಿದ ಮಣ್ಣು ಬೇರೆ ವಾಸನೆ ಬಿಡುತ್ತದೆ. ಆಮೇಲೆ ಲಂಟಾನ. ನಾಗರಹೊಳೆಯ ಎಷ್ಟೋ ಕಡೆ ಲಂಟಾನ ಸೊಂಟದೆತ್ತರ ಹಬ್ಬಿದೆ. ಪ್ಯಾಂಟಿನ ಮೊಣಕಾಲು, ತೋಳು, ಕೊಂಬೆ ಸರಿಸುವ ಕೈ, ಇವೆಲ್ಲ ಅದಕ್ಕೆ ಉಜ್ಜಿಕೊಂಡೇ ಹೋಗಬೇಕು. ಅದು ಜಿಂಕೆಯ ಮೂಗಿನ ಎತ್ತರ. ಕಾಲಿಗೆ ಎಷ್ಟೇ ಶುದ್ಧ ರಬ್ಬರು ಹಾಕಿ, ವಾಸನೆಯ ಚೀಟಿಯನ್ನು ಗಿಡಗಿಡಕ್ಕೂ ಅಂಟಿಸುತ್ತ ಹೋದರೆ ಏನು ಬಂತು? ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಹೊಗೆಸೊಪ್ಪು. ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸುವ ದಿನಗಳಲ್ಲಿ ಹಾರನಹಳ್ಳಿ ಸುತ್ತಿನ ರೈತರ ಬಟ್ಟೆ, ಕೂದಲು, ಕೆರ ಎಲ್ಲಕ್ಕೂ ಅದೇ ಘಾಟು. ಒಗೆದರೂ ಒಂದೇ ಸಲಕ್ಕೆ ಹೋಗುವುದಿಲ್ಲ.

ಗಾಳಿಯ ವಾಸನೆಯ ಕಡೆ ಬಂದರೆ ಲೆಕ್ಕವೇ ಬದಲಾಗುತ್ತದೆ. ನಮ್ಮ ಮೈಯಿಂದ ಪ್ರತಿ ನಿಮಿಷವೂ ಕಣ್ಣಿಗೆ ಕಾಣದ ಸಾವಿರಾರು ಚರ್ಮದ ಚೂರುಗಳು ಉದುರುತ್ತವೆ. ಮೈ ಬಿಸಿಗೆ ಸುತ್ತಲಿನ ಗಾಳಿ ಮೇಲೇರಿ ಅವನ್ನು ಹೊತ್ತುಕೊಂಡು ಹೋಗುತ್ತದೆ. ಉಸಿರು ಬೇರೆ. ಕಾಲಿನ ಪಾಲು ಇದರಲ್ಲಿ ಎಷ್ಟು ಮಹಾ? ಅಮೆರಿಕದಲ್ಲಿ ವಾಸನೆ ಹೀರುವ ಇದ್ದಿಲಿನ ಪದರವಿರುವ ಉಡುಪು ಮಾರುವ ದೊಡ್ಡ ವ್ಯಾಪಾರವೇ ಇದೆ. ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿ ಜಾನ್ ಶಿವಿಕ್ ಇದನ್ನು ಪರೀಕ್ಷೆಗೆ ಒಡ್ಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಇದ್ದಿಲಿನ ಉಡುಪು, ಕೆಲವರಿಗೆ ಮಾಮೂಲಿ ಬಟ್ಟೆ ಹಾಕಿಸಿ ಬಯಲಲ್ಲಿ ಅಡಗಿಸಿ, ಹುಡುಕುವ ನಾಯಿಗಳನ್ನು ಬಿಟ್ಟರು. ನಾಯಿಗಳು ಹೆಚ್ಚುಕಡಿಮೆ ಎಲ್ಲರನ್ನೂ ಪತ್ತೆ ಮಾಡಿದವು. ಉಡುಪಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಮಾಡಿದ್ದು ಗಾಳಿ, ತೇವದಂಥ ಹವೆಯ ಗುಣಗಳು. ನಾಯಿಯ ಮೂಗಿನ ಫಲಿತಾಂಶವನ್ನು ಜಿಂಕೆಗೆ ಹಾಗೇ ಹೊಂದಿಸಲಾಗದು ಎಂದು ಯಾರಾದರೂ ವಾದಿಸಬಹುದು. ಆದರೂ ಮೈ ತುಂಬ ಹೊದ್ದ ಉಡುಪೇ ಸೋತ ಕಡೆ ಬರೀ ಬೂಟು ಗೆದ್ದೀತು ಎಂದು ನಾನಂತೂ ನಂಬಲಾರೆ.

ಈ ಗಾಳಿಯ ಪಾಠ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಹತ್ತಿದ್ದು ಹಡ್ಲಿನಲ್ಲಿ. ನಾಗರಹೊಳೆಯ ಕಾಡಿನ ನಡುನಡುವೆ ತಗ್ಗಿನಲ್ಲಿ ಜೌಗು ಹುಲ್ಲುಗಾವಲುಗಳಿವೆ. ಅವಕ್ಕೆ ಹಡ್ಲು ಎನ್ನುತ್ತಾರೆ. ಸಂಜೆ ಜಿಂಕೆ ಹಿಂಡು ಅಲ್ಲಿಗೆ ಇಳಿಯುತ್ತದೆ. ಹೊತ್ತು ಮುಳುಗಿ ನೆಲ ತಣ್ಣಗಾದಂತೆ ತಂಪು ಗಾಳಿ ಏರಿನಿಂದ ತಗ್ಗಿಗೆ ನೀರಿನ ಹಾಗೆ ಹರಿದು ಬಂದು ಹಡ್ಲಿನಲ್ಲಿ ನಿಲ್ಲುತ್ತದೆ. ಏರಿನ ಮೇಲೆ ಒಬ್ಬ ಮನುಷ್ಯ ನಿಂತಿದ್ದರೆ ಅವನ ವಾಸನೆಯೂ ಇಳಿದು ಬರುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಗಾಳಿ ತಗ್ಗಿನಿಂದ ಏರಿಗೆ ಹೊರಳುತ್ತದೆ. ಒಂದೇ ಜಾಗ, ಒಂದೇ ಬೂಟು, ಒಬ್ಬನೇ ಮನುಷ್ಯ; ಸಂಜೆ ಜಿಂಕೆಗೆ ಸಿಕ್ಕಿಬೀಳುತ್ತಾನೆ, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸಿಕ್ಕಿಬೀಳುವುದಿಲ್ಲ. ಮಳೆ ನಿಂತ ಮೇಲಿನ ತೇವದಲ್ಲಿ ವಾಸನೆ ಹೆಚ್ಚು ಹೊತ್ತು ಉಳಿಯುತ್ತದೆ, ಮಾರ್ಚಿನ ಒಣ ಬಿಸಿಲಲ್ಲಿ ಬೇಗ ಆರುತ್ತದೆ. ಆಗ ಒಣ ತೇಗದ ಎಲೆಯ ಮೇಲೆ ಹೆಜ್ಜೆಯ ಸದ್ದು ಇನ್ನಷ್ಟು ದೂರ ಹೋಗುತ್ತದೆ. ಒಂದರ ಬಾಧೆ ಕಡಿಮೆಯಾದಾಗ ಇನ್ನೊಂದರದ್ದು ಏರುತ್ತದೆ.

ಇದೆಲ್ಲ ಯಾಕೆ ಮುಖ್ಯ ಎಂದರೆ ಪ್ರಾಣಿ ಎಣಿಕೆಗೆ. ಉಲ್ಲಾಸ ಕಾರಂತರು 1980ರ ದಶಕದ ಕೊನೆಯಲ್ಲಿ ನಾಗರಹೊಳೆಯಲ್ಲಿ ನೇರ ಗೆರೆಯ ಜಾಡುಗಳಲ್ಲಿ ನಡೆದು, ಕಂಡ ಪ್ರಾಣಿಯ ದೂರ ಅಳೆದು ಲೆಕ್ಕ ಹಾಕುವ ಕ್ರಮವನ್ನು ಬೇರೂರಿಸಿದರು. ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆ ಎಂಬ ಅಂಕಿ ಹೊರಬಂದದ್ದು ಹಾಗೆ. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ದೇಶದ ಹುಲಿ ಗಣತಿಯಲ್ಲೂ ಬೀಟ್ ಗಾರ್ಡುಗಳು ಎರಡು ಕಿಲೋಮೀಟರಿನ ಗೆರೆಯ ಮೇಲೆ ಬೆಳ್ಳಂಬೆಳಿಗ್ಗೆ ನಡೆಯುತ್ತಾರೆ. ಈ ಗಣಿತ ನಿಂತಿರುವುದು ಒಂದು ಷರತ್ತಿನ ಮೇಲೆ: ಪ್ರಾಣಿ ನಮ್ಮನ್ನು ಅರಿತು ಜಾಗ ಬಿಡುವ ಮೊದಲೇ ನಾವು ಅದನ್ನು ಕಾಣಬೇಕು. ಜಿಂಕೆ ಮೊದಲು ಮೂಸಿ ಓಡಿದರೆ ಗೆರೆಯ ಹತ್ತಿರ ಕಾಣುವ ಪ್ರಾಣಿಗಳು ಕಮ್ಮಿಯಾಗಿ ಲೆಕ್ಕ ಕೆಳಗಿಳಿಯುತ್ತದೆ. ನಡೆಯುವವರ ಕಾಲಿನ ಸದ್ದು, ವಾಸನೆ ಕೊನೆಗೆ ದೆಹಲಿಯಲ್ಲಿ ಅಚ್ಚಾಗುವ ಪುಸ್ತಕದ ಅಂಕಿಗೆ ಹೋಗಿ ಮುಟ್ಟುತ್ತದೆ.

ಹಾಗಾದರೆ ಏನು ಮೆಟ್ಟಬೇಕು? ವಾಸನೆಯೊಂದನ್ನೇ ನೋಡಿ ಆರಿಸುವುದು ತಪ್ಪು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಮಳೆಗಾಲದಲ್ಲಿ ಜಿಗಣೆ, ಹಾವು. ಬೇಸಿಗೆಗೆ ಮುಂಚೆ ಉಣ್ಣೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಕಂಡ, ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡಿತು. ಉಣ್ಣೆ ಹತ್ತುವುದು ಕಾಲಿನಿಂದ. ಕಾಡಿಗೆ ಹೋಗುವವರು ಗಮ್ ಬೂಟು ಹಾಕಬೇಕೆಂದು ಆರೋಗ್ಯ ಇಲಾಖೆ ಹೇಳುವುದು ಅದಕ್ಕೇ. ಆದರೆ ಆನೆ ಅಟ್ಟಿಸಿಕೊಂಡು ಬಂದರೆ ಗಮ್ ಬೂಟಿನಲ್ಲಿ ಓಡಲಾಗದು ಎಂದು ವಾಚರುಗಳು ಹೇಳುತ್ತಾರೆ. ಅವರ ಮಾತೂ ಪ್ರಾಣದ ಮಾತೇ. ಆದ್ದರಿಂದ ಮಳೆಯಲ್ಲಿ, ಜೌಗಿನಲ್ಲಿ ಗಮ್ ಬೂಟು. ಒಣಗಾಲದ ಗೆರೆ ನಡಿಗೆಗೆ ಮೃದು ಅಟ್ಟೆಯ, ಕಣಕಾಲು ಮುಚ್ಚುವ ಕ್ಯಾನ್ವಾಸ್, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಎರಡು ಜೊತೆ ಇಟ್ಟು ಒಂದು ಒಣಗುವಾಗ ಇನ್ನೊಂದು ಹಾಕುವುದು. ಒಣಗಿದ ಬೂಟಿಗೆ ಕಮಟು ಕಟ್ಟುವುದಿಲ್ಲ, ಕಾಲು ಕೊಳೆಯುವುದಿಲ್ಲ. ಅದನ್ನು ಮನೆಯೊಳಗೆ ಸೀಮೆಎಣ್ಣೆ, ಬೀಡಿ, ಹೊಗೆಸೊಪ್ಪಿನ ಪಕ್ಕ ಇಡದೆ ಹೊರಗೆ ಇಡಬೇಕು.

ಎರಡು ಜೊತೆ ಎಂದು ಬರೆಯುವುದು ಸುಲಭ. ಒಂದು ಬೇಟೆ ತಡೆ ಶಿಬಿರದ ಬಾಗಿಲಲ್ಲಿ ನಾನು ಕಂಡ ಬೂಟುಗಳನ್ನು ಮರೆಯಲಾರೆ. ಹಿಮ್ಮಡಿ ಸೀಳಿದ ಗಮ್ ಬೂಟಿಗೆ ಸೈಕಲ್ ಟ್ಯೂಬಿನ ತೇಪೆ. ಕ್ಯಾನ್ವಾಸಿನ ಮುಂಭಾಗ ಬಿಟ್ಟುಹೋಗಿ ಕಬ್ಬಿಣದ ತಂತಿಯ ಹೊಲಿಗೆ. ಆ ತಂತಿ ಬಿಡಿಸಿ ತಂದ ಉರುಳಿನದು ಎಂದು ಅವರಲ್ಲೊಬ್ಬರು ಹೇಳಿದರು. ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯುವ ಮನುಷ್ಯನ ಕಾಲಿಗೆ ಒಳ್ಳೆಯ ಬೂಟು ಕೊಡುವುದು ಉಪಕಾರವಲ್ಲ, ಕೋವಿ, ವಾಕಿಟಾಕಿಯಷ್ಟೇ ಅಗತ್ಯದ ಸಲಕರಣೆ.

ಆ ಶಿಬಿರದಿಂದ ಮರುದಿನ ಬೆಳಿಗ್ಗೆ ಹೊರಟೆವು. ನಮ್ಮ ಮುಂದಿದ್ದವರು ವಯಸ್ಸಾದ ಜೇನುಕುರುಬ ವಾಚರು. ಕಾಲಲ್ಲಿ ಅದೇ ತಂತಿ ಹೊಲಿಗೆಯ ಕ್ಯಾನ್ವಾಸ್. ಹಡ್ಲಿನ ಅಂಚು ಇನ್ನೂ ಇನ್ನೂರು ಮಾರು ಇರುವಾಗ ನಿಂತು, ಸೊಂಟದ ಚೀಲದಿಂದ ಒಲೆಬೂದಿಯ ಚಿಟಿಕೆ ತೆಗೆದು ಬೆರಳ ಸಂದಿಯಿಂದ ಬಿಟ್ಟರು. ಬೂದಿ ನೇರ ಬೀಳಲಿಲ್ಲ. ಸ್ವಲ್ಪ ವಾಲಿ, ನಮ್ಮನ್ನು ದಾಟಿ ಹಡ್ಲಿನ ಕಡೆಗೇ ತೇಲಿತು. 'ಬುದ್ಧೀ, ಈ ಕಡೆಯಿಂದ ಬೇಡ' ಎಂದರು. ಮತ್ತಿ ಮರಗಳ ನಡುವೆ ಬಳಸಿಕೊಂಡು, ತೊರೆ ದಾಟಿ, ಆಚೆ ದಡದಿಂದ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿ ಮತ್ತೆ ಬೂದಿ ಬಿಟ್ಟರು. ಈ ಸಲ ಅದು ನಮ್ಮ ಮುಖಕ್ಕೆ ಬಂತು. ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಜಿಂಕೆ ಮೇಯುತ್ತಿದ್ದವು. ಒಂದು ಹೆಣ್ಣು ತಲೆ ಎತ್ತಿ ನಾವು ಮೊದಲು ನಿಂತಿದ್ದ ದಿಕ್ಕಿಗೆ ಮೂಗು ಹಿಡಿದು, ಮುಂಗಾಲನ್ನು ಒಮ್ಮೆ ನೆಲಕ್ಕೆ ಬಡಿದು, ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.